ಬೆಲ್ಲದ ರುಚಿಯನ್ನು ವಾಪಸು ಕೇಳಿದವಳು

ಅಕ್ಕಾ,

'ಕೇಳಿದಾಕಿನ ಬೆಲಿ ಕೊಡ್ತಾಳಂತ ನಿನಗ ಯಾರು...' ಎಂದು ನೀನು ಅರ್ಧಕ್ಕೆ ನಿಲ್ಲಿಸಿದ ಮಾತು. ಮುಂದಿನ ಪದ 'ಹೇಳಿದ್ರು' ಎಂದಿತ್ತೋ 'ಕಲಿಸಿದ್ರು' ಎಂದಿತ್ತೋ ನನಗೆ ತಿಳಿಯದು. ಅಷ್ಟರಲ್ಲಿ ಯಾರೋ ಗಂಡಹೆಂಡತಿ ಮದುವೆ ಕಾರ್ಡಿನ ಮಾದರಿ ನೋಡಲು ನಿನ್ನ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತಿದರು. ನೀನು ಅವರನ್ನು ತೆಲುಗಿನಲ್ಲಿ ಮಾತಾಡಿಸಿ ಕೂರಿಸಿದೆ. ನಾನು ಸಿರುಗುಪ್ಪದ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ. ನನ್ನ ಕಾದಂಬರಿಯ ಹಸ್ತಪ್ರತಿ ನಿನ್ನ ಕೀಬೋರ್ಡಿನ ಪಕ್ಕದಲ್ಲಿ ತೆರೆದೇ ಇತ್ತು. ಅವತ್ತು ಆ ಮಾತು ಪೂರ್ತಿಯಾಗಿದ್ದರೆ ನೀನು ಆಮೇಲೆ ಮಾಡಿದ್ದನ್ನು ಮಾಡುತ್ತಿರಲಿಲ್ಲವೇನೋ. ಅಥವಾ ನನ್ನಂಥವನ ಜೊತೆ ಮಾತಾಡಿ ಪ್ರಯೋಜನವಿಲ್ಲವೆಂದು ಅವತ್ತೇ ತೀರ್ಮಾನಿಸಿದ್ದೆಯೋ?

ನೀನು ಹೋಗಿ ಏಳು ತಿಂಗಳಾಯಿತು. ಸತ್ತವರು ಓದುತ್ತಾರೆಂದು ನಂಬುವವನಲ್ಲ ನಾನು. ಆದರೆ ಮೂವತ್ತು ವರ್ಷ ನಾನು ಬರೆದದ್ದನ್ನೆಲ್ಲ ಅಚ್ಚಿಗೆ ಮೊದಲು ಓದಿದವಳು ನೀನೊಬ್ಬಳೇ. ಆ ಅಭ್ಯಾಸ ಕೈಯಲ್ಲಿ ಉಳಿದಿದೆ. ಇದನ್ನು ಕ್ಷಮೆ ಕೇಳಲು ಬರೆಯುತ್ತಿಲ್ಲ, ನಿನ್ನನ್ನು ಕ್ಷಮಿಸಿದ್ದೇನೆಂದು ಹೇಳಲೂ ಅಲ್ಲ. ಕ್ಷಮಿಸಿಲ್ಲ.

ಮೊದಲ ಸಲ ನಿನ್ನನ್ನು ನೋಡಿದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಹಳೆಯ ಪ್ರೆಸ್ಸಿನಲ್ಲಿ. ನೀನು ಎತ್ತರದ ಮೇಜಿನ ಮುಂದೆ ನಿಂತು ಸೀಸದ ಅಚ್ಚುಮೊಳೆಗಳನ್ನು ಜೋಡಿಸುತ್ತಿದ್ದೆ. ಕೈ ತನ್ನಷ್ಟಕ್ಕೆ ಖಾನೆಯಿಂದ ಖಾನೆಗೆ ಹೋಗುತ್ತಿತ್ತು, ಕಣ್ಣು ಮಾತ್ರ ನನ್ನ ಕಾಗದದ ಮೇಲೆ. ನನಗೆ ಇಪ್ಪತ್ತಮೂರು, ನಿನಗೆ ಮೂವತ್ತೊಂದು. ರಸಾಯನಶಾಸ್ತ್ರದ ಪದವಿ ಮುಗಿಸಿ ಕವಿತೆ ಅಚ್ಚು ಮಾಡಿಸಲು ಬಂದ ನನ್ನನ್ನು ನೀನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದೆ. ನಾನು ನಿನ್ನ ಕಾಲನ್ನು ನೋಡಿದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಾಗಿಲ ಬಳಿ ಬಿಟ್ಟಿರಬೇಕು ಎಂದುಕೊಂಡೆ. ಸಂಜೆ ನೀನು ಪ್ರೆಸ್ಸಿನಿಂದ ಹೊರಟಾಗ ಬಾಗಿಲ ಬಳಿಯೂ ಇರಲಿಲ್ಲ. ಮೇ ತಿಂಗಳ ರಸ್ತೆಯ ಮೇಲೆ ಬರಿಗಾಲಲ್ಲಿ, ನೆರಳಿನಿಂದ ನೆರಳಿಗೆ ಕಾಲು ಕಿತ್ತಿಟ್ಟು ನಡೆದುಹೋದೆ.

ಆಮೇಲೆ ಯಾವಾಗಲೋ ನೀನೇ ಹೇಳಿದೆ, ಅದೂ ಒಂದು ಲಗ್ನಪತ್ರಿಕೆಯ ಮೊಳೆ ಬಿಚ್ಚುತ್ತ, ಬೇರೆ ಯಾರದೋ ಕಥೆಯೆಂಬಂತೆ. ನೀನು ಏಳು ವರ್ಷದವಳಿದ್ದಾಗ ಬಾದನಹಟ್ಟಿಯಲ್ಲಿ ನಿನ್ನ ತಮ್ಮ ಹನುಮಂತನಿಗೆ ಜ್ವರ ಬಂತು. ಎರಡು ವರ್ಷದ ಕೂಸು, ಕಣ್ಣು ಮೇಲೆ ಮಾಡಿತ್ತು. ನಿಮ್ಮ ಅವ್ವ ದೇವರ ಮುಂದೆ ನಿಂತು ಹರಕೆ ಹೊತ್ತಳು: ಮಗ ಉಳಿದರೆ, ಅವನು ಇರುವವರೆಗೆ ಮಗಳು ಕಾಲಿಗೆ ಏನೂ ಮೆಟ್ಟುವುದಿಲ್ಲ. ತಮ್ಮ ಉಳಿದ. 'ಅವ್ವ ತಾನು ಮೆಟ್ಟಂಗಿಲ್ಲ ಅನಬೌದಿತ್ತಲ್ಲ?' ಎಂದು ನಾನು ಕೇಳಿದೆ. 'ಆಕಿ ಹೊಲಕ್ಕ ಹೋಗಾಕಿ, ಮುಳ್ಳು ತುಳಿಯಾಕಿ. ಆಕಿಗೆ ಚಪ್ಪಲಿ ಬೇಕಿತ್ತು' ಎಂದೆ. ನಗಲಿಲ್ಲ, ಬೇಸರಪಟ್ಟುಕೊಳ್ಳಲೂ ಇಲ್ಲ. ಮೊಳೆಗಳನ್ನು ಅವುಗಳ ಖಾನೆಗೆ ಹಾಕುತ್ತಲೇ ಇದ್ದೆ.

ಚಪ್ಪಲಿ ಹಾಕಿಕೊಂಡು ಬಂದ ದಿನ ನೆನಪಿದೆಯೇ? ನಿನಗೆ ಮೂವತ್ತಾರು. ಬಜಾರಿನ ಅಂಗಡಿಯ ಕೆಂಪು ಪಟ್ಟಿಯ ಚಪ್ಪಲಿ. ಪ್ರೆಸ್ಸಿನಲ್ಲಿ ಮೆಷಿನ್ನು ನಿಂತಿತು. ಮಾಲೀಕರು ಕನ್ನಡಕ ತೆಗೆದು, 'ಯಾಕಮ್ಮಾ ಸರೋಜಾ, ತಮ್ಮ ಅರಾಮ ಅದಾನಲ್ಲ?' ಎಂದು ಹೆದರಿ ಕೇಳಿದರು. 'ಅರಾಮ ಅದಾನ್ರಿ. ಹೊಲ ಮಾಡ್ತಾನ, ಎರಡು ಮಕ್ಳು. ನನ್ನ ಕಾಲಾಗಿನ ಡಾಂಬರು ಕೆರಕೊಂಡು ಸಾಕಾತು' ಎಂದೆ. ನಿಮ್ಮ ಅವ್ವ ಮರುದಿನವೇ ಬಸ್ಸು ಹತ್ತಿ ಬಂದು, ಪ್ರೆಸ್ಸಿನ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ನಿನಗೆ ಶಾಪ ಹಾಕಿ ಹೋದಳು. ನೀನು ಒಳಗೆ ಕುಳಿತು ಯಾವುದೋ ಸಂಘದ ರಸೀದಿ ಪುಸ್ತಕ ಜೋಡಿಸಿದೆ. ಅವ್ವ ಸಾಯುವವರೆಗೆ ನಿನ್ನೊಂದಿಗೆ ಮಾತಾಡಲಿಲ್ಲ. ನೀನು ಅಂದಿನಿಂದ ಒಂದು ದಿನವೂ ಬರಿಗಾಲಲ್ಲಿ ಹೊರಗೆ ಕಾಲಿಡಲಿಲ್ಲ.

ಪ್ರೆಸ್ಸು ಮುಚ್ಚಿಹೋಗಿ ನೀನು ಅದೇ ಓಣಿಯಲ್ಲಿ ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು ಇಟ್ಟುಕೊಂಡ ಮೇಲೆ ನಿನ್ನ ಬಾಯಿ ಇನ್ನೂ ಜೋರಾಯಿತು. ನನ್ನ ಮೂರನೆಯ ಪುಸ್ತಕ ಟೈಪು ಮಾಡಿ ಮುಗಿಸಿದ ದಿನ ಕುರ್ಚಿ ತಿರುಗಿಸಿ ಹೇಳಿದೆಯಲ್ಲ: 'ಲೇ ತಮ್ಮಾ, ನಿನ್ನ ಪುಸ್ತಕದಾಗ ಯಾರೂ ಯಾರನ್ನೂ ಪ್ರೀತಿ ಮಾಡಂಗಿಲ್ಲೇನು? ಬರೇ ಚಾ ಕುಡಿತಾರ, ಕಿಡಕಿ ನೋಡ್ತಾರ, ಮತ್ತ ಚಾ ಕುಡಿತಾರ. ಟೈಪು ಮಾಡಾಕ ನನಗ ತೂಕಡಿಕಿ ಬರ್ತೈತಿ.' 'ಏನು ಬರೀಬೇಕು ಹಂಗಾರ?' ಎಂದೆ. 'ಒಂದು ದೆವ್ವ ತಾ. ಅದು ಯಾರನ್ನರ ಪ್ರೀತಿ ಮಾಡ್ಲಿ.' ನಾನು ನಕ್ಕೆ. ಒಂದು ವರ್ಷ ನಗುತ್ತಲೇ ಇದ್ದೆ. ಎರಡನೆಯ ವರ್ಷ ಬರೆಯಲು ಕುಳಿತೆ. ಗೆಳೆಯರಿಗೆ ಇದೊಂದು ಪ್ರಯೋಗ ಎಂದೆ, ಜನಪ್ರಿಯ ಪ್ರಕಾರವನ್ನು ಒಳಗಿನಿಂದ ಒಡೆಯುವುದು ಎಂದೆ. ನಿನಗೆ ಮಾತ್ರ ಏನೂ ಹೇಳದೆ ಹಸ್ತಪ್ರತಿ ತಂದಿಟ್ಟೆ.

ಗಂಗಿಯ ಕಥೆಯನ್ನು ನಿನಗೆ ಹೇಳಬೇಕಾಗಿಲ್ಲ, ಆದರೂ ನಾನು ಬರೆದದ್ದು ಯಾವುದೆಂದು ಒಮ್ಮೆ ಸ್ಪಷ್ಟ ಮಾಡಿಕೊಳ್ಳುತ್ತೇನೆ. ಗಂಗಿ ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿದ ಪ್ಯಾಂಟುಗಳ ದಾರ ಕತ್ತರಿಸುವವಳು. ಕುರುಗೋಡಿನ ಗುಡ್ಡದ ಹಿಂದೆ ಪಾಳು ಬಾವಿಯಲ್ಲಿ ಒಬ್ಬನಿದ್ದಾನೆ. ಮನುಷ್ಯನಲ್ಲ, ನೆರಳಿಲ್ಲ, ಹೆಸರಿಲ್ಲ. ಕೇಳಿದ್ದನ್ನು ಕೊಡುತ್ತಾನೆ. ಕೊಟ್ಟದ್ದಕ್ಕೆ ಬದಲಾಗಿ ಕೇಳಿದವರಿಂದ ಏನಾದರೊಂದನ್ನು ತೆಗೆದುಕೊಳ್ಳುತ್ತಾನೆ. ಗಂಗಿ ಅವ್ವನ ಕೆಮ್ಮು ವಾಸಿಯಾಗಲಿ ಎಂದಳು. ಅವ್ವ ಗುಣವಾದಳು, ಗಂಗಿಯ ನಾಲಿಗೆಯಿಂದ ಬೆಲ್ಲದ ರುಚಿ ಹೋಯಿತು. ಮುಚ್ಚಿದ ಯೂನಿಟ್ಟು ತೆರೆಯಲಿ ಎಂದಳು. ತೆರೆಯಿತು, ಗಂಗಿಗೆ ನೀಲಿ ಬಣ್ಣ ಕಾಣದಾಯಿತು, ದಿನವಿಡೀ ಬೂದಿಯಂಥ ಬಟ್ಟೆಯ ರಾಶಿಯಲ್ಲಿ ಕುಳಿತಳು. ಹೀಗೆ ಹೋಗಿ ಬಂದು ಇಬ್ಬರಿಗೂ ಪ್ರೀತಿ ಹುಟ್ಟಿತು. ಮೂರನೆಯ ಸಲ ಅವನೇ ಮನುಷ್ಯನಾಗಲಿ ಎಂದು ಕೇಳಿದಳು. ಅದಕ್ಕೆ ಬೆಲೆ, ಅವಳಲ್ಲಿರುವ ಅವನ ನೆನಪು. ನನ್ನ ಕೊನೆಯ ಅಧ್ಯಾಯದಲ್ಲಿ ಅವಳು ಕೊಡುತ್ತಾಳೆ. ಬಳ್ಳಾರಿ ಬಸ್ ನಿಲ್ದಾಣದಲ್ಲಿ ಒಬ್ಬ ಅಪರಿಚಿತನನ್ನು, ಅವನೇ ಇವನೆಂದು ತಿಳಿಯದೆ, ಈ ಬಸ್ಸು ಕುರುಗೋಡಿಗೆ ಹೋಗುತ್ತದೆಯೇ ಎಂದು ಕೇಳುತ್ತಾಳೆ. ಅವನು ಹೌದೆಂದು ತಲೆಯಾಡಿಸುತ್ತಾನೆ. ಬಸ್ಸು ಹೊರಡುತ್ತದೆ.

ನಾನು ಗಂಗಿಗೆ ಚಪ್ಪಲಿ ಕೊಟ್ಟಿರಲಿಲ್ಲ. ಮೂರನೆಯ ಪುಟದಲ್ಲೇ ನೀನು ಬೆರಳಿಟ್ಟೆ. 'ಈಕಿ ಕಾಲಾಗ ಯಾಕ ಏನಿಲ್ಲ?' 'ಅದು ಪ್ರತಿಮೆ ಅಕ್ಕಾ.' 'ಪ್ರತಿಮಿ ಕಾಲು ಸುಡಂಗಿಲ್ಲೇನು?' ಕಾರಣ ಹೇಳುವುದು ಹಳೆಯ ಬರಹಗಾರರ ಕೆಲಸ ಎಂದು ನಂಬಿದ್ದವನು ನಾನು. ಆ ಕಾಲು ಯಾರದು, ಯಾರನ್ನು ಕೇಳಿ ತೆಗೆದುಕೊಂಡೆ ಎಂದು ನೀನು ವಿಚಾರಿಸಲೂ ಇಲ್ಲ. ಪುಟ ತಿರುಗಿಸಿದೆ. ಅರ್ಧಕ್ಕೆ ನಿಂತ ಆ ಮಾತು ಬಂದದ್ದು ಇನ್ನೂ ಹತ್ತು ಅಧ್ಯಾಯ ಕಳೆದ ಮೇಲೆ, ಗಂಗಿ ಅವನ ನೆನಪನ್ನು ಕೊಡಲು ಒಪ್ಪಿದ ಜಾಗದಲ್ಲಿ.

ಪ್ರೂಫ್ ತಿದ್ದಿದ ಮಧ್ಯಾಹ್ನವನ್ನು ನಾನು ಎಷ್ಟು ಸಲ ಮತ್ತೆ ಮತ್ತೆ ನೋಡಿದ್ದೇನೆಂದರೆ... ನಮ್ಮ ಪದ್ಧತಿ ಪ್ರೆಸ್ಸಿನ ಕಾಲದಿಂದಲೂ ಒಂದೇ. ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ನೀನು ಅಚ್ಚಿನ ಹಾಳೆಯ ಮೇಲೆ ಪೆನ್ನು ಓಡಿಸಬೇಕು. ಸರಿಯಿದ್ದರೆ 'ಐತಿ' ಎನ್ನುತ್ತಿದ್ದೆ. ತಪ್ಪಿದ್ದರೆ 'ತಡಿ'. ಅವತ್ತು ನಾನು ಕೊನೆಯ ಅಧ್ಯಾಯವನ್ನು ಓದಿದೆ. ಗಂಗಿ ನೆನಪನ್ನು ಕೊಟ್ಟಳು. 'ಐತಿ.' ನಿಲ್ದಾಣಕ್ಕೆ ಬಂದಳು. 'ಐತಿ.' ಅಪರಿಚಿತ ತಲೆಯಾಡಿಸಿದ. 'ಐತಿ, ಮುಂದ.' ಬಸ್ಸು ಹೊರಟಿತು. 'ಐತಿ' ಎಂದು ಪೆನ್ನಿನ ಮುಚ್ಚಳ ಹಾಕಿದೆ. ನಿನ್ನ ಕೈಯಲ್ಲಿದ್ದ ಹಾಳೆಯಲ್ಲಿ ಬಸ್ಸೂ ಇರಲಿಲ್ಲ, ನಿಲ್ದಾಣವೂ ಇರಲಿಲ್ಲ. ನನ್ನ ಎದುರಿಗೇ ಕುಳಿತು, ಒಂದೊಂದು ವಾಕ್ಯಕ್ಕೂ ನನ್ನ ಮುಖ ನೋಡಿ ಸುಳ್ಳು ಹೇಳಿದೆ. ಒಂದು ಸಲವೂ ತಡವರಿಸಲಿಲ್ಲ. ಆಮೇಲೆ 'ಚಾ ತರಸ್ಲೇನು?' ಎಂದು ಕೇಳಿದೆ. ನಾನು ಕುಡಿದೆ.

ಪುಸ್ತಕ ಬಂದಾಗ ನೀನು ಆಸ್ಪತ್ರೆಯಲ್ಲಿದ್ದೆ. ಅಚ್ಚಾದ ನನ್ನ ಪುಸ್ತಕವನ್ನು ನಾನು ತೆರೆದು ನೋಡುವುದಿಲ್ಲ, ಅಚ್ಚಾದ ಮೇಲೆ ಅದು ನನ್ನದಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುವ ಚಟ ನನ್ನದು. ನಿನಗದು ಚೆನ್ನಾಗಿ ಗೊತ್ತಿತ್ತು. ಅದನ್ನೇ ನಂಬಿಕೊಂಡಿದ್ದೆ ನೀನು. ಮಂಚದ ಮೇಲೆ ಕುಳಿತು ಪುಸ್ತಕವನ್ನು ಹಿಂದಿನಿಂದ ತೆರೆದು, ಕೊನೆಯ ನಾಲ್ಕು ಪುಟ ನೋಡಿ, ಮುಚ್ಚಿದೆ. 'ಛಲೋ ಬಂದೈತಿ' ಎಂದೆ. ನಾನು ಅಚ್ಚಿನ ಬಗ್ಗೆ ಹೇಳುತ್ತಿದ್ದೀಯೆಂದು ತಿಳಿದು, ಕಾಗದ ಇನ್ನಷ್ಟು ದಪ್ಪ ಇರಬೇಕಿತ್ತು ಎಂದೆ. ಹನ್ನೊಂದನೆಯ ದಿನ ನೀನು ಹೋದೆ.

ಸಿರುಗುಪ್ಪದ ನಮ್ಮ ಕಾಲೇಜಿನಲ್ಲಿ ಆ ಪುಸ್ತಕದ ಬಗ್ಗೆ ಒಂದು ಸಣ್ಣ ಸಭೆ ಇಟ್ಟರು. ನೀನು ಹೋಗಿ ಎರಡು ತಿಂಗಳಾಗಿತ್ತು. ರಸಾಯನಶಾಸ್ತ್ರ ಕಲಿಸುವ ಸಾರ್ ದೆವ್ವದ ಪ್ರೇಮಕಥೆ ಬರೆದಿದ್ದಾರಂತೆ ಎಂಬ ಕುತೂಹಲಕ್ಕೆ ಕೋಣೆ ತುಂಬಿತ್ತು. ಕೊನೆಯ ವರ್ಷದ ನಸ್ರೀನ್ ಎಂಬ ಹುಡುಗಿ ಎದ್ದು ಕೊನೆಯ ಅಧ್ಯಾಯ ಓದಲು ಶುರುಮಾಡಿದಳು. ನಾನು ನನ್ನ ಬಸ್ ನಿಲ್ದಾಣಕ್ಕೆ ಕಾಯುತ್ತಿದ್ದೆ. ಬಾವಿಯ ಕಟ್ಟೆಯ ಮೇಲೆ ಅವನು, ಮೂರನೆಯದಕ್ಕೆ ನಿನ್ನಲ್ಲಿರುವ ನನ್ನ ನೆನಪು ಕೊಡಬೇಕು ಎನ್ನುತ್ತಾನೆ. ಗಂಗಿ ಅಲ್ಲೇ ಕಾಲು ಚಾಚಿ ಕುಳಿತುಬಿಡುತ್ತಾಳೆ.

'ಕೊಡಾಂಗಿಲ್ಲ.'

'ಹಂಗಂದ್ರ ಹೆಂಗ? ಬೆಲಿ ಅದು.'

'ಯಾರು ಕಟ್ಟಿದ್ರು ಬೆಲಿ?'

'ಗೊತ್ತಿಲ್ಲ. ನಾ ಬರೋಕಿಂತ ಮೊದಲಿಂದ ಹಿಂಗ ಐತಿ.'

'ತಗಂಡಿದ್ದನ್ನೆಲ್ಲ ಯಾರಿಗೆ ಮುಟ್ಟಸ್ತಿ?'

'ಯಾರಿಗೂ ಇಲ್ಲ. ಬಾವ್ಯಾಗ ಹಾಕ್ತೀನಿ.'

'ಹಂಗಾರ ನನ್ನ ಬೆಲ್ಲದ ರುಚಿ ಅಲ್ಲೇ ಬಿದ್ದೈತಿ?'

'ಬಿದ್ದಿರಬೇಕು.'

'ಇಳಿ ಹಂಗಾರ. ತಗದು ಕೊಡು. ತೊಯ್ದಿದ್ರ ಒಣಗಿಸ್ಕೋತೀನಿ.'

ಕೋಣೆ ನಕ್ಕಿತು. ನಾನು ನಗಲಿಲ್ಲ, ಆ ಪುಟವನ್ನು ನಾನು ಬರೆದಿರಲಿಲ್ಲ. ನಸ್ರೀನ್ ಓದುತ್ತ ಹೋದಳು. ಅವನು ಇಳಿಯುತ್ತಾನೆ. ಬೆಲ್ಲದ ರುಚಿ ಸಿಗುತ್ತದೆ, ನೀಲಿ ಬಣ್ಣ ಸಿಗುತ್ತದೆ, ಅದರ ಜೊತೆಗೆ ಸೀಮೆಯವರೆಲ್ಲ ಕಳೆದುಕೊಂಡದ್ದು ಒಂದೊಂದಾಗಿ ಮೇಲೆ ಬರುತ್ತದೆ. ಯಾವುದೋ ಮುದುಕನ ನಗು, ಒಬ್ಬ ಬಾಣಂತಿಯ ನಿದ್ದೆ, ಯಾರದೋ ಬಲಗಿವಿಯ ಕೇಳಿಸುವಿಕೆ. ಗಂಗಿ ಕಟ್ಟೆಯ ಮೇಲೆ ಕುಳಿತು ವಿಂಗಡಿಸುತ್ತಾಳೆ: 'ಇದು ನಂದಲ್ಲ, ಮ್ಯಾಲಿನ ಓಣಿ ಈರಮ್ಮಂದು, ಈಕಡಿ ಇಡು.' ಸಂಜೆಯ ಹೊತ್ತಿಗೆ ಬಾವಿ ಬರಿದಾಗುತ್ತದೆ. ಕಾಯಲು ಏನೂ ಉಳಿಯದ ಅವನು ಮೇಲೆ ಬಂದು ನಿಂತಾಗ ಕಲ್ಲಿನ ಮೇಲೆ ಮೊದಲ ಸಲ ನೆರಳು ಬೀಳುತ್ತದೆ. 'ನಡಿ' ಎನ್ನುತ್ತಾಳೆ ಗಂಗಿ. ಇಬ್ಬರೂ ಗುಡ್ಡ ಇಳಿಯುತ್ತಾರೆ.

ಓದು ಮುಗಿಸಿ ನಸ್ರೀನ್ ನನ್ನ ಕಡೆ ತಿರುಗಿದಳು. 'ಸಾರ್, ಬೆಲ್ಲದ ರುಚಿ ವಾಪಸ್ ಕೇಳಬೇಕಂತ ನಿಮಗ ಹೆಂಗ ಹೊಳೀತ್ರಿ? ನಾ ಇಷ್ಟು ದಿವ್ಸ ಕತಿ ಓದೀನಿ, ಯಾರೂ ವಾಪಸ್ ಕೇಳಿದ್ದಿಲ್ಲ.' ಅವತ್ತು ನಾನು ಹೇಳಬಹುದಿತ್ತು. ಎದ್ದು ನಿಂತೆ ಕೂಡ. ಆಮೇಲೆ, ಕೃತಿಯ ಒಳಗಿನ ಒತ್ತಡವೇ ಲೇಖಕನನ್ನು ಆ ಕಡೆಗೆ ಒಯ್ದಿರಬೇಕು ಎಂದೇನೋ ಹೇಳಿ ಕುಳಿತೆ. ಜನ ಚಪ್ಪಾಳೆ ತಟ್ಟಿದರು. ನಿನ್ನ ಮೇಲೆ ಕೋಪ ಬಂದದ್ದು ಆಗ. ನನ್ನ ಪುಸ್ತಕ ಕೆಡಿಸಿದೆಯೆಂದಲ್ಲ. ನನ್ನದಲ್ಲದ ಚಪ್ಪಾಳೆಯ ನಡುವೆ ನನ್ನನ್ನು ಕೂರಿಸಿ ಹೋಗಿಬಿಟ್ಟೆಯಲ್ಲ, ಜಗಳವಾಡಲು ಕೂಡ ಉಳಿಯದೆ...

ಮೂರು ವಾರ ಎರಡು ಕೊನೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ನನ್ನದು ಚೊಕ್ಕಟವಾಗಿದೆ, ಅಕ್ಕಾ. ಒಂದು ಪದ ಹೆಚ್ಚಿಲ್ಲ. ಅದನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಅದನ್ನು ಬರೆಯುವಾಗ ಬೆಲೆ ಯಾರು ಕಟ್ಟಿದರು ಎಂಬ ಪ್ರಶ್ನೆ ನನಗೆ ಬರಲೇ ಇಲ್ಲ. ಬೆಲೆ ಇರುತ್ತದೆ, ಅದನ್ನು ಕೊಡಬೇಕು, ಕೊಡುವವರ ಮುಖದಲ್ಲಿ ಒಂದು ಘನತೆ ಇರುತ್ತದೆ ಎಂದಷ್ಟೇ ನಾನು ಕಲಿತದ್ದು. ಆ ಘನತೆಯನ್ನು ನಾನು ಎಲ್ಲಿ ನೋಡಿದ್ದೆ? ಮೇ ತಿಂಗಳ ರಸ್ತೆಯ ಮೇಲೆ. ದೂರದಲ್ಲಿ ನಿಂತು, ಕಾಲಿಗೆ ಬೂಟು ಹಾಕಿಕೊಂಡು.

ಎರಡನೆಯ ಮುದ್ರಣಕ್ಕೆ ಪ್ರಕಾಶಕರು ಫೋನು ಮಾಡಿದ ದಿನ ಅವರ ಕಚೇರಿಗೇ ಹೋಗಿ ಎಲ್ಲವನ್ನೂ ಹೇಳಿದೆ. ಕೊನೆಯ ಅಧ್ಯಾಯ ಬರೆದವಳು ಸರೋಜಕ್ಕ, ಮುಖಪುಟದ ಮೇಲೆ ಅವಳ ಹೆಸರೂ ಬರಬೇಕು ಎಂದೆ. ಮೊದಲು ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಬಂದು ಕುಳಿತರು. 'ಸಾರ್, ಡಿಟಿಪಿ ಮಾಡಿದಾಕಿ ಹೆಸರು ಕವರ್ ಮ್ಯಾಲೆ ಹಾಕಿದ್ರ ಉಳಿದದ್ದನ್ನರ ನೀವ ಬರದೀರೇನು ಅಂತ ಕೇಳ್ತಾರ ಜನ.' 'ಕೇಳ್ಲಿ.' 'ನಿಮ್ಮ ಹಳೇ ಕೊನಿ ಹಾಕೋಣೇನು?' 'ಬ್ಯಾಡ.' 'ಹಂಗಾರ ಆಕಿ ಕೊನಿನ ಇರ್ಲಿ, ಹೆಸರು ಬ್ಯಾಡ. ಆಕಿ ಏನು ಬಂದು ಕೇಳ್ತಾಳೇನ್ರಿ? ಹೆಸರಿನ ಆಸಿ ಇದ್ದಿದ್ರ ಮೊದಲ ಹೇಳ್ತಿದ್ಲು.'

ಎಷ್ಟು ಮೃದುವಾಗಿ ಹೇಳಿದರು. ಅವರು ಕೆಟ್ಟವರಲ್ಲ. ನಿನ್ನ ಅವ್ವನೂ ಕೆಟ್ಟವಳಿರಲಿಲ್ಲ. ಯಾರಿಗೋ ಒಳ್ಳೆಯದಾಗಬೇಕು, ಅದಕ್ಕೆ ಏನೋ ಕೊಡಬೇಕು, ಕೊಡುವುದಕ್ಕೆ ಕೈಗೆ ಹತ್ತಿರದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳು ಏನೂ ಹೇಳುವುದಿಲ್ಲ. ಅವರ ಎದುರು ಕುಳಿತಾಗಲೇ ನನಗೆ ಅರ್ಧಕ್ಕೆ ನಿಂತ ನಿನ್ನ ಮಾತು ಅರ್ಥವಾಯಿತು. ಕೇಳಿದವರು ಬೆಲೆ ಕೊಡುವುದನ್ನು ನೀನು ಬದುಕಿನಲ್ಲಿ ಎಲ್ಲಿಯೂ ನೋಡಿರಲಿಲ್ಲ. ನನ್ನ ಕಥೆ ನಿನಗೆ ದೆವ್ವದಿಂದಾಗಿ ಸುಳ್ಳೆನಿಸಲಿಲ್ಲ; ದೆವ್ವವನ್ನು ನೀನು ಒಪ್ಪಿಕೊಂಡೆ. ಆ ಲೆಕ್ಕಾಚಾರ ನಿನಗೆ ಸುಳ್ಳೆನಿಸಿತು. 'ಹಂಗಾರ ಪುಸ್ತಕ ನಿಮಗ ಕೊಡಾಂಗಿಲ್ಲ' ಎಂದು ಪ್ರಕಾಶಕರಿಗೆ ಹೇಳಿ ಎದ್ದೆ. ಗಂಗಿಯ ಆ ಒಂದು ಪದವನ್ನು ಅಷ್ಟು ನೇರವಾಗಿ ನಾನು ಹಿಂದೆಂದೂ ಯಾರಿಗೂ ಹೇಳಿರಲಿಲ್ಲ.

ಬಾದನಹಟ್ಟಿಗೆ ಹೋದದ್ದು ಆ ಭಾನುವಾರ. ಹೆಸರು ಹಾಕುವುದಕ್ಕೆ ನಿನ್ನವರನ್ನು ಕೇಳದಿದ್ದರೆ ಮತ್ತೊಮ್ಮೆ ಕೇಳದೆ ತೆಗೆದುಕೊಂಡಂತೆ ಆಗುತ್ತದೆ ಎನ್ನಿಸಿತು. ನಿನ್ನ ತಮ್ಮ ಹನುಮಂತಪ್ಪ ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದ. ಐವತ್ತಾರು ವರ್ಷದ ಗಟ್ಟಿ ಆಳು. ನಾನು ಪುಸ್ತಕ ಕೊಟ್ಟು, ಕೊನೆಯ ಅಧ್ಯಾಯ ತೆರೆದು ತೋರಿಸಿದೆ. ಒಂದೊಂದೇ ಸಾಲಿಗೆ ಬೆರಳಿಟ್ಟು ಅರ್ಧ ಗಂಟೆ ಓದಿದ. ಮೆಣಸಿನ ಘಾಟಿಗೋ ಏನೋ ಮೂಗು ಒರೆಸಿಕೊಂಡ.

'ಇದು ಆಕಿದ ಮಾತು' ಎಂದ. 'ನನಗ ಹಿಂಗ ಬೈತಿದ್ಲು.'

ನಾನು ಏನು ಕೇಳಲು ಬಂದಿದ್ದೇನೆಂದು ಹೇಳಿದೆ. ಅವನು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. 'ನಿಮಗೊಂದು ಹೇಳ್ತೀನಿ ಸಾರ್. ಯಾರಿಗೂ ಹೇಳಿಲ್ಲ. ಆಕಿ ಚಪ್ಪಲ್ ಮೆಟ್ಟಿದ್ಲಂತ ಸುದ್ದಿ ಬಂತಲ್ಲ, ನಾ ಮೂರು ದಿವ್ಸ ಒಳಗ ಮಕ್ಕೊಂಡೆ. ಸಾಯ್ತೀನಂತ. ಅವ್ವ ತಲಿ ಹತ್ರ ಕುಂತು ಅಳಾಕಿ. ಹೇಣ್ತಿ ಕಾಲ ಹತ್ರ ಕುಂತು ಅಳಾಕಿ. ನಾಕನೇ ದಿವ್ಸ ಏನಾತು ಗೊತ್ತೇನ್ರಿ?'

'ಏನಾತು?'

'ಹಸಿವಾತು. ಎದ್ದು ನಾಕು ರೊಟ್ಟಿ ತಿಂದೆ. ಅವತ್ತು ನನಗ ಎಷ್ಟು ಹಗುರಾತಂದ್ರ... ಎರಡು ವರ್ಷದ ಕೂಸಿದ್ದಾಗಿಂದ ನಾ ಆಕಿ ಕಾಲ ಮ್ಯಾಲೆ ಬದುಕಿದ್ದೆ ನೋಡ್ರಿ. ಆಕಿ ಮನೀಗೆ ಬಂದಾಗೆಲ್ಲ ನಾ ಆಕಿ ಮುಖ ನೋಡ್ತಿದ್ದಿಲ್ಲ. ಕಾಲು ನೋಡಿ ಹೊಲಕ್ಕ ಹೋಗಿಬಿಡ್ತಿದ್ದೆ. ನಾನೇನು ಕೇಳಿದ್ನೇನು? ನನಗ ಜ್ವರ ಬಂದಿತ್ತು, ಅಷ್ಟ.'

'ಇದನ್ನ ಆಕಿಗೆ ಹೇಳಬೇಕಿತ್ತು' ಎಂದೆ.

'ಬಾಯಿ ಬರ್ಲಿಲ್ರಿ. ಅವ್ವ ಇದ್ದಾಗ ಅವ್ವನ ಅಂಜಿಕಿ. ಆಮ್ಯಾಲೆ ಹೇಳಿದ್ರಾತು, ಹೇಳಿದ್ರಾತು ಅಂತ...' ಎಂದು ಎದ್ದ. ಒಳಗೆ ಹೋಗಿ ನೀರಿನ ಚೊಂಬು ತಂದು ನನ್ನ ಮುಂದಿಟ್ಟ. 'ಹೆಸರು ಹಾಕ್ರಿ. ಬರೇ ಸರೋಜ ಅಂತ ಹಾಕಬ್ಯಾಡ್ರಿ, ಸರೋಜಗಳು ಭಾಳ ಅದಾರ. ಊರ ಹೆಸರು ಸೇರಿಸ್ರಿ. ಅವ್ವ ಓಣ್ಯಾಗ ನಿಂತು ಬೈದಿದ್ದು ಎಲ್ಲಾರೂ ಕೇಳ್ಯಾರ. ಇದನ್ನೂ ನೋಡ್ಲಿ.'

ಹೀಗಿದೆ ನಿನ್ನ ಸುದ್ದಿ, ಅಕ್ಕಾ. ಎರಡನೆಯ ಮುದ್ರಣವನ್ನು ನಾನೇ ತರುತ್ತಿದ್ದೇನೆ. ಮುಖಪುಟದ ಮೇಲೆ ನನ್ನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬಾದನಹಟ್ಟಿ ಸರೋಜ ಎಂದಿದೆ. ಮುನ್ನುಡಿಯಲ್ಲಿ ಬರಿಗಾಲು ಯಾರದೆಂದು ಬರೆದಿದ್ದೇನೆ, ಸಿರುಗುಪ್ಪದ ಸಭೆಯಲ್ಲಿ ನಾನು ಏನು ಹೇಳಿದೆನೆಂದೂ ಬರೆದಿದ್ದೇನೆ. ನಸ್ರೀನ್ ಅದರ ಕರಡು ಓದಿ ನನ್ನನ್ನು ಎರಡು ದಿನ ಮಾತಾಡಿಸಲಿಲ್ಲ. ಇದ್ದಬದ್ದ ನಾಲ್ಕು ಸಾಹಿತ್ಯದ ಗೆಳೆಯರಲ್ಲಿ ಇಬ್ಬರು, ಟೈಪಿಸ್ಟ್ ಒಬ್ಬಳ ಮುಂದೆ ಶರಣಾದ ಎಂದು ಹೇಳುತ್ತ ತಿರುಗುತ್ತಿದ್ದಾರೆ. ತಿರುಗಲಿ. ನನ್ನ ಬಸ್ ನಿಲ್ದಾಣದ ಅಧ್ಯಾಯವನ್ನು ನಾನು ಎಲ್ಲಿಯೂ ಅಚ್ಚು ಮಾಡುವುದಿಲ್ಲ. ಅದು ಚೆನ್ನಾಗಿದೆಯೆಂದು ನನಗೆ ಗೊತ್ತಿರುವುದೇ ಸಾಕು. ನೀನು ನನಗೆ ಮಾಡಿದ್ದು ಮೋಸವೇ. ಆ ಮಾತನ್ನೂ ಮುನ್ನುಡಿಯಲ್ಲಿ ಹಾಕಿದ್ದೇನೆ. ಬೇಕಾದರೆ ಬಂದು ತಿದ್ದು.

ಮೊನ್ನೆ ನಿನ್ನ ಅಂಗಡಿಯಲ್ಲಿ, ಈಗ ಅದನ್ನು ನಡೆಸುತ್ತಿರುವ ಹನುಮಂತಪ್ಪನ ಮಗಳು ಲಕ್ಷ್ಮಿ ಕಾದಂಬರಿಯ ಫೈಲು ತೆರೆದು ಪುಟ ಕೂಡಿಸುತ್ತಿದ್ದಳು. 'ಸಾರ್, ಇನ್ನೊಂದು ಹಾಳಿ ಐತ್ರಿ ಇಲ್ಲಿ' ಎಂದಳು. ನಿನ್ನ ಕೊನೆಯ ಅಧ್ಯಾಯದ ನಂತರ, ಮೊದಲ ಮುದ್ರಣಕ್ಕೆ ಕಳಿಸದೆ ಬಿಟ್ಟ ಮತ್ತೊಂದು ಅಧ್ಯಾಯ ಶುರುಮಾಡಿದ್ದೀಯ. ಮೇಲೆ 'ಮರುದಿನ' ಎಂಬ ತಲೆಬರಹ. ಕೆಳಗೆ ಏನೂ ಇಲ್ಲ. 'ತಗದುಬಿಡ್ಲೇನ್ರಿ?' ಎಂದು ಕೇಳಿದಳು. ಬೇಡವೆಂದೆ. ಆ ಹಾಳೆ ಹಾಗೆಯೇ, ಖಾಲಿಯಾಗಿಯೇ ಅಚ್ಚಾಗುತ್ತದೆ. ತುಂಬಿಸಲು ನಾನು ಯತ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ಸಾಲು ಬರೆದೆ, ನಾಲ್ಕನ್ನೂ ಹೊಡೆದುಹಾಕಿದೆ. ಗುಡ್ಡ ಇಳಿಸುವವರೆಗೆ ನೀನು ಕರೆತಂದೆ. ಆದರೆ ಅವರಿಬ್ಬರೂ ಬಳ್ಳಾರಿಗೆ ಬಂದು ಒಂದು ಬಾಡಿಗೆ ಕೋಣೆ ಹುಡುಕಲೇಬೇಕಲ್ಲ. ಮನೆಯೊಡೆಯ ಬಾಗಿಲಲ್ಲಿ ನಿಂತು, ಬಾಡಿಗೆ ಹೇಳುವ ಮೊದಲು ಏನು ಕೇಳುತ್ತಾನೆಂದು ಸತ್ಯನಾರಾಯಣಪೇಟೆಯ ಎಷ್ಟೋ ಬಾಗಿಲುಗಳಲ್ಲಿ ನಿಂತು ಬಂದ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಬಾವಿಯಿಂದ ಎದ್ದು ಬಂದವನಿಗೆ ಅಪ್ಪನಿಲ್ಲ, ಅಜ್ಜನಿಲ್ಲ, ಕುಲವಿಲ್ಲ. 'ಈತ ಯಾವ ಪೈಕಿ?' ಎಂದು ಆ ಮನೆಯೊಡೆಯ ಕೇಳಿದಾಗ ಗಂಗಿ ಏನು ಹೇಳಿದಳು, ಅಕ್ಕಾ?